ಮಿತಿಯು ಯಂತ್ರದಲ್ಲಿಯೋ, ಮನಸ್ಸಿನಲ್ಲಿಯೋ?

ಮನುಷ್ಯನು ಒಂದು ವಸ್ತುವನ್ನು ಮಿತಿಮೀರಿ ಬಳಸದಿರಲು ಎರಡು ಕಾರಣಗಳಿರಬಹುದು. ಆ ವಸ್ತುವೇ ಒಂದು ಹಂತಕ್ಕೆ ಬಂದೊಡನೆ ನಿಂತುಹೋಗುವಂತೆ ರಚಿತವಾಗಿರುವುದು ಒಂದು. ಬಳಸುವವನು ತಾನೇ ಇಲ್ಲಿಗೆ ಸಾಕೆಂದು ಕೈ ಹಿಂತೆಗೆಯುವುದು ಇನ್ನೊಂದು. ಹೊರಗೆ ನಿಂತು ನೋಡುವವನಿಗೆ ಎರಡರ ಫಲವೂ ಒಂದೇ ಬಗೆಯಾಗಿ ತೋರುತ್ತದೆ. ವ್ರತ-ನಿಯಮಗಳ ದೃಷ್ಟಿಯಿಂದ ನೋಡಿದರೋ ಇವೆರಡರ ನಡುವಣ ಅಂತರವು ಬಹು ದೊಡ್ಡದು. ಈ ಅಂತರವನ್ನು ಸ್ಪಷ್ಟಪಡಿಸಿಕೊಳ್ಳಲು ನಮ್ಮ ಕಾಲದ ಒಂದು ವಸ್ತುವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ವ್ರತೋಪವಾಸಗಳ ಪತ್ರಿಕೆಯಲ್ಲಿ ಇಂಥ ವಸ್ತುವಿನ ಚರ್ಚೆ ಏಕೆಂದು ವಾಚಕರು ಹುಬ್ಬೇರಿಸಬಹುದು. ರೋಗದ ಲಕ್ಷಣವನ್ನು ತಿಳಿಯದೆ ಪಥ್ಯವನ್ನು ಹೇಳಬಾರದೆಂಬುದೇ ಅದಕ್ಕೆ ಉತ್ತರ.

ಇ-ಸಿಗರೇಟು, ಅಥವಾ ತರುಣರ ಮಾತಿನಲ್ಲಿ ‘ವೇಪ್’, ಎಂಬುದೇ ಆ ವಸ್ತು. ಈಗಿನ ರೂಪದಲ್ಲಿ ಅದನ್ನು ಚೀನಾ ದೇಶದ ಹೊನ್ ಲಿಕ್ ಎಂಬ ಔಷಧತಜ್ಞನು 2003ರ ಸುಮಾರಿಗೆ ರೂಪಿಸಿದನು. ತಂಬಾಕಿನ ಎಲೆಯನ್ನು ಸುಡದೆ, ನಿಕೋಟಿನ್ ಬೆರೆಸಿದ ದ್ರವವನ್ನು ವಿದ್ಯುತ್ತಿನಿಂದ ಕಾಯಿಸಿ, ಅದರಿಂದ ಏಳುವ ಆವಿಯನ್ನು ಸೇದುವ ಸಾಧನವಿದು. ಕರ್ನಾಟಕ ಸರ್ಕಾರವು 2016ರ ಜೂನ್ ತಿಂಗಳಲ್ಲಿ ಇದನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ಅದರಂತೆ ದೇಶದಲ್ಲಿ ಇದರ ತಯಾರಿಕೆ, ಆಮದು, ಸಾಗಾಣಿಕೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧಗಳೇ. ಮಾರಿದವನಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆಮನೆ, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮ್ಮ ಮನೆಗಳಲ್ಲಿ ಹಿರಿಯರಾದ ಅನೇಕರು ಈ ಸಾಧನವನ್ನು ಕಣ್ಣಿನಿಂದ ಕಂಡಿರಲಾರರು. ಆದರೆ ಈ ತಾಲೂಕುಗಳ ಮಕ್ಕಳು ಓದಿಗಾಗಿಯೂ ನೌಕರಿಗಾಗಿಯೂ ಪುಣೆಗೆ, ಬೆಂಗಳೂರಿಗೆ, ಅಲ್ಲಿಂದಾಚೆ ಇಂಗ್ಲೆಂಡು ಅಮೆರಿಕೆಗಳಿಗೆ ಹೋಗುತ್ತಿರುವ ಕಾಲವಿದು. ಅಲ್ಲಿಯ ಸಹವಾಸ ಬೇರೆ. ಹೊರದೇಶವಾದರೆ ಕಾಯಿದೆಯೂ ಬೇರೆ. ಆದುದರಿಂದ ವಿಷಯವು ನಮ್ಮ ಹೊಸ್ತಿಲಿನಿಂದ ತೀರ ದೂರದ್ದೆಂದು ಹೇಳುವಂತಿಲ್ಲ.

ಈ ಆವಿಯನ್ನು ಸೇದುವವರಲ್ಲಿ ಎರಡು ಪಂಗಡಗಳಿವೆ. ಅವರ ಭೇದವೇ ಈ ಲೇಖನದ ವಿಷಯ. ಭೇದವನ್ನು ತಿಳಿಯಲು, ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವ ಒಕ್ಕಲಿಗನ ಕೈಯಲ್ಲಿರುವ ಟಾರ್ಚನ್ನು ನೆನೆಯಬೇಕು. ಒಂದು ಲೋಹದ ಕೊಳವೆ, ಒಳಗೊಂದು ಸೆಲ್ಲು, ಒತ್ತಲು ಒಂದು ಗುಂಡಿ, ತುದಿಯಲ್ಲಿ ಬಲ್ಬು. ಬಲ್ಬಿನ ಸ್ಥಾನದಲ್ಲಿ ಸಣ್ಣ ತಂತಿಯ ಸುರುಳಿಯನ್ನೂ, ಸುರುಳಿಯ ನಡುವೆ ಹತ್ತಿಯ ಬತ್ತಿಯನ್ನೂ ಇಟ್ಟು, ಬತ್ತಿಗೆ ದ್ರವವನ್ನು ಉಣಿಸಿದರೆ ಒಂದು ಬಗೆಯ ಸಾಧನ ಸಿದ್ಧವಾಯಿತು. ಗುಂಡಿಯನ್ನೊತ್ತಿದರೆ ಸೆಲ್ಲಿನ ವಿದ್ಯುತ್ತು ನೇರವಾಗಿ ಸುರುಳಿಗೆ ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಡುವೆ ಯಾವ ತಡೆಯೂ ಇಲ್ಲ. ಇದಕ್ಕೆ ‘ಮೆಕ್ಯಾನಿಕಲ್ ಮಾಡ್’ ಎಂದು ಹೆಸರು.

ಇನ್ನೊಂದು ಬಗೆಯಲ್ಲಿ ಸೆಲ್ಲಿಗೂ ಸುರುಳಿಗೂ ನಡುವೆ ಒಂದು ಇಲೆಕ್ಟ್ರಾನಿಕ್ ಫಲಕವಿರುತ್ತದೆ. ಅದು ಸುರುಳಿಯ ರೋಧವನ್ನು ಅಳೆಯುತ್ತದೆ. ಬಳಸುವವನು ಗೊತ್ತುಮಾಡಿದಷ್ಟೇ ಶಕ್ತಿಯನ್ನು ಬಿಡುತ್ತದೆ. ತಂತಿಗೆ ತಂತಿ ತಾಕಿ ಶಾರ್ಟ್ ಆಗಿದ್ದರೆ ವಿದ್ಯುತ್ತನ್ನು ಕೊಡಲೊಲ್ಲದು. ಸೆಲ್ಲು ತೀರ ಇಳಿದಿದ್ದರೆ ನಿಲ್ಲಿಸಿಬಿಡುತ್ತದೆ. ಗುಂಡಿಯನ್ನು ಒತ್ತಿಯೇ ಹಿಡಿದರೆ ಕೆಲವು ಸೆಕೆಂಡುಗಳಾದ ಮೇಲೆ ತಾನಾಗಿ ಕಡಿದುಹಾಕುತ್ತದೆ. ಇಂಥದಕ್ಕೆ ‘ರೆಗ್ಯುಲೇಟೆಡ್ ಮಾಡ್’ ಎನ್ನುತ್ತಾರೆ. ಕನ್ನಡದಲ್ಲಿ ಇವನ್ನು ಕಾವಲಿಲ್ಲದ ಸಾಧನ, ಕಾವಲುಳ್ಳ ಸಾಧನ ಎಂದು ಕರೆದರೆ ಅರ್ಥ ಕೆಡದು.

ಇವುಗಳ ವ್ಯತ್ಯಾಸವನ್ನು ಪ್ರೌಢಶಾಲೆಯ ಗಣಿತದಿಂದಲೇ ತೋರಿಸಬಹುದು. ಜರ್ಮನಿಯ ಓಮ್ ಎಂಬ ಉಪಾಧ್ಯಾಯನು 1827ರಲ್ಲಿ ಪ್ರಕಟಿಸಿದ ನಿಯಮದಂತೆ, ವೋಲ್ಟನ್ನು ರೋಧದಿಂದ ಭಾಗಿಸಿದರೆ ಹರಿಯುವ ವಿದ್ಯುತ್ತಿನ ಪ್ರಮಾಣ ದೊರೆಯುತ್ತದೆ. ಈ ಸಾಧನಗಳಲ್ಲಿ ಹೆಚ್ಚಾಗಿ ಬಳಸುವ ಸೆಲ್ಲು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ್ದು, ಪೂರ್ತಿ ಚಾರ್ಜ್ ಆದಾಗ ಅದರಲ್ಲಿ 4.2 ವೋಲ್ಟ್ ಇರುತ್ತದೆ. ಸುರುಳಿಯ ರೋಧ 0.5 ಓಮ್ ಇದ್ದರೆ 8.4 ಆಂಪಿಯರ್ ಹರಿಯುತ್ತದೆ; ಶಕ್ತಿ ಸುಮಾರು 35 ವಾಟ್. ಸೆಲ್ಲು 3.7 ವೋಲ್ಟಿಗೆ ಇಳಿದಾಗ ಅದೇ ಸುರುಳಿಯಲ್ಲಿ 7.4 ಆಂಪಿಯರ್ ಮಾತ್ರ. ಶಕ್ತಿ ಸುಮಾರು 27 ವಾಟ್. ಆದರೆ ಸುರುಳಿಯನ್ನು 0.1 ಓಮ್ ಆಗುವಂತೆ ಸುತ್ತಿದರೆ ಲೆಕ್ಕವು 42 ಆಂಪಿಯರಿಗೆ ಏರುತ್ತದೆ. ಈ ಗಾತ್ರದ ಒಳ್ಳೆಯ ಸೆಲ್ಲುಗಳೂ ಎಡೆಬಿಡದೆ ತಾಳಿಕೊಳ್ಳುವುದು ಸಾಮಾನ್ಯವಾಗಿ 20ರಿಂದ 30 ಆಂಪಿಯರ್. ಮೀರಿದರೆ ಸೆಲ್ಲು ಕಾದು, ಒಳಗಿನ ರಾಸಾಯನಿಕವೇ ಉರಿದು ಸಿಡಿಯಬಹುದು. ಕಾವಲುಳ್ಳ ಸಾಧನದಲ್ಲಿ ಈ ಲೆಕ್ಕವನ್ನು ಫಲಕವು ಮಾಡುತ್ತದೆ. ಕಾವಲಿಲ್ಲದ ಸಾಧನದಲ್ಲಿ ಮನುಷ್ಯನೇ ಮಾಡಬೇಕು. ತಪ್ಪಿದರೆ ತಿದ್ದುವವರು ಯಾರೂ ಇಲ್ಲ.

ಹೀಗಿದ್ದೂ ಕೆಲವರು ಕಾವಲಿಲ್ಲದ್ದನ್ನೇ ಮೆಚ್ಚುತ್ತಾರೆ. ಏಕೆ? ಅವರ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳೋಣ. ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸದೆ ಖಂಡನೆಗೆ ಇಳಿಯುವುದು ನಮ್ಮ ಆಚಾರ್ಯರ ಪದ್ಧತಿಯಲ್ಲ.

ಮೊದಲನೆಯದಾಗಿ, ಅದು ಕೆಡುವುದಿಲ್ಲವೆನ್ನುತ್ತಾರೆ. ಫಲಕವಿದ್ದರೆ ಅದು ಒದ್ದೆಯಾದೀತು, ಸುಟ್ಟೀತು. ಆಗ ಸಾಧನವನ್ನೇ ಬಿಸಾಡಬೇಕು. ತಾಮ್ರದ ಅಥವಾ ಹಿತ್ತಾಳೆಯ ಕೊಳವೆಗೆ ಅಂಥ ಭಯವಿಲ್ಲ. ಬಿಚ್ಚಿ, ಉಜ್ಜಿ, ತೊಳೆದು ಮತ್ತೆ ಜೋಡಿಸಿದರೆ ಆಯಿತು. ಎರಡನೆಯದಾಗಿ, ಅದರಲ್ಲಿ ಮುಚ್ಚುಮರೆಯಿಲ್ಲ. ಒಳಗೆ ಏನು ನಡೆಯುತ್ತಿದೆಯೆಂಬುದು ಬಳಸುವವನಿಗೆ ಸಂಪೂರ್ಣವಾಗಿ ಗೊತ್ತು. ಮೂರನೆಯದಾಗಿ, ಸೆಲ್ಲು ಇಳಿಯುತ್ತ ಬಂದಂತೆ ಆವಿಯೂ ಕಡಮೆಯಾಗುತ್ತ ಬರುತ್ತದೆ. ಅಂಕಿಯನ್ನು ತೋರಿಸುವ ಪರದೆಯಿಲ್ಲದಿದ್ದರೂ ಅನುಭವದಿಂದಲೇ ತಿಳಿಯುತ್ತದೆ. ನಾಲ್ಕನೆಯದಾಗಿ, ಸುರುಳಿಯನ್ನು ತಾನೇ ಸುತ್ತಿ, ರೋಧವನ್ನು ತಾನೇ ಅಳೆದು, ಬತ್ತಿಯನ್ನು ತಾನೇ ಹಾಕುವುದರಲ್ಲಿ ಕೈಕುಶಲದ ಸಂತೋಷವಿದೆ. ಐದನೆಯದೂ ಮುಖ್ಯವಾದದ್ದೂ ಇದು: ‘ನನಗೆ ಎಷ್ಟು ಬೇಕು, ಯಾವಾಗ ಸಾಕು ಎಂಬುದನ್ನು ಒಂದು ಚೂರು ಸಿಲಿಕಾನ್ ನಿರ್ಧರಿಸುವುದು ಬೇಡ, ನಾನೇ ನಿರ್ಧರಿಸುತ್ತೇನೆ’ ಎಂಬ ಭಾವನೆ.

ಈ ಭಾವನೆಯು ಹೊಸದೇನೂ ಅಲ್ಲ. ನಮ್ಮ ಸೀಮೆಯಲ್ಲಿ ಅಂಗಡಿಯ ಗುಟಕಾ ಚೀಟಿಯನ್ನು ಹಳಿಯುತ್ತಲೇ ಚಂಚಿಯಿಂದ ತಂಬಾಕು ತೆಗೆದು, ಸುಣ್ಣ ಹಚ್ಚಿ, ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಳ್ಳುವ ಅಜ್ಜಂದಿರನ್ನು ಯಾರು ಕಂಡಿಲ್ಲ? ‘ಅದು ಯಾರೋ ಮಾಡಿದ್ದು, ಇದು ನನ್ನ ಕೈಯ ಅಳತಿ’ ಎಂದು ಅವರು ಹೇಳುತ್ತಾರೆ. ತಾನೇ ತುಂಬಿ, ಒತ್ತಿ, ಕೆಂಡವಿಟ್ಟು ಸೇದುವ ಚಿಲುಮೆಯವನು ಬೀಡಿ ಸೇದುವವನನ್ನು ಕೊಂಚ ಕೀಳಾಗಿ ಕಾಣುತ್ತಿದ್ದುದೂ ಇದೇ ಕಾರಣದಿಂದ. ತನ್ನ ಚಟಕ್ಕೆ ತಾನೇ ಯಜಮಾನನೆಂಬ ತೃಪ್ತಿಯು ಚಿಲುಮೆಯಿಂದ ತಾಮ್ರದ ಕೊಳವೆಗೆ ದಾಟಿ ಬಂದಿದೆ, ಅಷ್ಟೆ.

ಈಗ ವಿಚಾರಕ್ಕೆ ಬರೋಣ. ಇವರ ಮಾತಿನಲ್ಲಿ ಸತ್ಯದ ಒಂದು ಅಂಶವಿದೆ. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೂಲದಲ್ಲಿ ಇಟ್ಟಿರುವುದನ್ನು ವಾಚಕರು ಬಲ್ಲರು. ಅಜಾಗರೂಕತೆಯೇ ಹಿಂಸೆಯ ಬಾಗಿಲು. ಕಾವಲುಗಾರನಿದ್ದಾನೆಂಬ ಧೈರ್ಯವು ಅನೇಕ ಸಲ ಪ್ರಮಾದವನ್ನು ಬೆಳೆಸುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕನು ಅಡ್ಡಾಡುತ್ತಿರುವುದರಿಂದ ನಕಲು ಮಾಡದ ಹುಡುಗನು ಅಚೌರ್ಯವನ್ನು ಕಲಿತನೆಂದು ಯಾವ ಉಪಾಧ್ಯಾಯನೂ ಹೇಳಲಾರನು. ಅವನು ಕಲಿತದ್ದು ಮೇಲ್ವಿಚಾರಕನು ಎತ್ತ ನೋಡುತ್ತಿದ್ದಾನೆಂಬುದನ್ನು ಮಾತ್ರ. ಹಾಗೆಯೇ, ಇಷ್ಟು ಹೊತ್ತಾದ ಮೇಲೆ ತಾನೇ ಮುಚ್ಚಿಕೊಳ್ಳುವಂತೆ ಮೊಬೈಲಿನಲ್ಲಿ ವ್ಯವಸ್ಥೆ ಮಾಡಿಕೊಂಡವನು ಮೊಬೈಲನ್ನು ಗೆದ್ದವನಲ್ಲ. ಗೆಲ್ಲುವ ಕೆಲಸವನ್ನು ಮೊಬೈಲಿಗೇ ಒಪ್ಪಿಸಿದವನು. ‘ನನ್ನ ಎಚ್ಚರವು ನನ್ನಲ್ಲಿಯೇ ಇರಲಿ’ ಎನ್ನುವವನ ಮಾತು ಇಷ್ಟರಮಟ್ಟಿಗೆ ಸರಿ. ಕಾವಲಿಲ್ಲದ ಸಾಧನವು ತನ್ನನ್ನು ಬಳಸುವವನಿಂದ ಅಪ್ರಮಾದವನ್ನು ಬೇಡುತ್ತದೆ. ಓದಬೇಕು, ಅಳೆಯಬೇಕು, ಪ್ರತಿಸಲವೂ ಸೆಲ್ಲಿನ ಹೊದಿಕೆ ಹರಿದಿದೆಯೇ ಎಂದು ನೋಡಬೇಕು.

ಆದರೆ ಇಲ್ಲಿಯೇ ಮೂರು ದೋಷಗಳು ಅಡಗಿವೆ.

ಮೊದಲ ದೋಷವು ಲೌಕಿಕವಾದದ್ದು. ಮನುಷ್ಯನ ಎಚ್ಚರವು ಫಲಕದ ಎಚ್ಚರದಂತೆ ಸದಾ ಒಂದೇ ಸಮನಾಗಿರುವುದಿಲ್ಲ. ದಣಿದಾಗ, ಸಿಟ್ಟಿನಲ್ಲಿದ್ದಾಗ, ಗೆಳೆಯರ ನಡುವೆ ಹರಟುತ್ತಿದ್ದಾಗ ಅದು ಜಾರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 2018ರ ಮೇ ತಿಂಗಳಿನಲ್ಲಿ, ಟೆಕ್ಸಾಸಿನಲ್ಲಿ 2019ರ ಜನವರಿಯಲ್ಲಿ, ಇಂಥ ಸಾಧನವು ಸಿಡಿದು ತಲಾ ಒಬ್ಬರು ಮೃತರಾದರು. ಫ್ಲಾರಿಡಾದಲ್ಲಿ ಮನೆಗೂ ಬೆಂಕಿ ತಗುಲಿತ್ತು. ನಮ್ಮೂರಿನ ಉದಾಹರಣೆ ಬೇಕಾದರೆ ಪಂಪುಸೆಟ್ಟಿನ ಫ್ಯೂಸನ್ನು ನೋಡಿರಿ. ಮತ್ತೆ ಮತ್ತೆ ಹೋಗುತ್ತದೆಂದು ಬೇಸತ್ತು ಫ್ಯೂಸಿನ ತೆಳು ತಂತಿಯ ಬದಲು ದಪ್ಪ ತಾಮ್ರದ ತಂತಿಯನ್ನು ಸಿಗಿಸುವ ವಾಡಿಕೆ ನಮ್ಮ ಹೊಲಗಳಲ್ಲಿ ಹೊಸದಲ್ಲ. ಆಮೇಲೆ ಫ್ಯೂಸು ಹೋಗುವುದಿಲ್ಲ, ಮೋಟಾರು ಸುಡುತ್ತದೆ. ತೆಳು ತಂತಿಯು ತಾನು ಸುಟ್ಟು ಮೋಟಾರನ್ನು ಉಳಿಸುತ್ತಿತ್ತೆಂಬುದು ಆಗ ನೆನಪಾಗುತ್ತದೆ. ಒಳಗಿನ ಎಚ್ಚರವು ಬಲಿಯುವ ಮೊದಲೇ ಹೊರಗಿನ ಕಾವಲನ್ನು ಕಿತ್ತೆಸೆಯುವುದು ಸ್ವಾತಂತ್ರ್ಯವಲ್ಲ. ಅದರ ನಷ್ಟವು ಪಕ್ಕದ ಕೋಣೆಯಲ್ಲಿ ಮಲಗಿರುವ ಮಗುವಿಗೂ ತಗುಲಬಹುದಾದ್ದರಿಂದ ಅದು ಒಬ್ಬನ ಸ್ವಂತದ ವಿಷಯವೂ ಅಲ್ಲ.

ಎರಡನೆಯ ದೋಷವು ಸೂಕ್ಷ್ಮವಾದದ್ದು. ಏಕಾಗ್ರತೆಯು ತನ್ನಷ್ಟಕ್ಕೆ ತಾನೇ ಗುಣವಲ್ಲ. ನಮ್ಮ ಶಾಸ್ತ್ರಗಳು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಭಾಗಿಸಿವೆ. ಮೊದಲ ಎರಡೂ ಧ್ಯಾನಗಳೇ. ಅಲ್ಲಿಯೂ ಚಿತ್ತವು ಒಂದೆಡೆ ನೆಲೆಸಿರುತ್ತದೆ. ಇಲಿಯ ಬಿಲದ ಮುಂದೆ ಕುಳಿತ ಬೆಕ್ಕಿಗೆ ಏಕಾಗ್ರತೆಯ ಕೊರತೆಯಿಲ್ಲ. ಅರ್ಧ ಗಂಟೆ ಕುಳಿತು ತಂತಿಯನ್ನು ಸುತ್ತಿ, ಓಮನ್ನು ಅಳೆದು, ಹತ್ತಿಯನ್ನು ಹದವಾಗಿ ಸೇರಿಸುವ ತರುಣನ ಶ್ರದ್ಧೆಯು ಮೆಚ್ಚತಕ್ಕದ್ದೇ. ಆದರೆ ಅದು ನೆಲೆಸಿರುವುದು ಮುಂದೆ ಬರಲಿರುವ ಭೋಗದ ಆಕಾಂಕ್ಷೆಯಲ್ಲಿ. ಎಚ್ಚರವು ಯಾವುದರ ಸೇವೆಯಲ್ಲಿದೆಯೆಂದು ಕೇಳದೆ ಎಚ್ಚರವನ್ನು ಹೊಗಳಲಾಗದು.

ಮೂರನೆಯ ದೋಷವು ಸ್ವಾತಂತ್ರ್ಯದ ಭ್ರಮೆ. ಕಾವಲಿಲ್ಲದ ಸಾಧನವನ್ನು ಹಿಡಿದವನು ಫಲಕದಿಂದ ಬಿಡುಗಡೆ ಹೊಂದಿದ್ದಾನೆ, ನಿಜ, ಸುರುಳಿಯಿಂದ ಹೊಂದಿದ್ದಾನೆಯೇ? ದ್ರವದಲ್ಲಿರುವ ನಿಕೋಟಿನ್ ಎರಡು ಬಗೆಯ ಸಾಧನಗಳಲ್ಲಿಯೂ ಒಂದೇ. ಅದರ ಅಭ್ಯಾಸವು ಬೇರೂರಿದ ಮೇಲೆ, ಕೆಲವು ತಾಸು ಅದಿಲ್ಲದಿದ್ದರೆ ಮನಸ್ಸು ಸಿಡಿಮಿಡಿಗೊಳ್ಳುತ್ತದೆ, ಕೆಲಸದಲ್ಲಿ ನಿಲ್ಲದು. ಎಷ್ಟು ವಾಟ್ ಎಂಬುದನ್ನು ಯಾರು ನಿರ್ಧರಿಸಬೇಕೆಂದು ವಾದಿಸುತ್ತಿರುವಾಗ, ಸೇದಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನಿಕೋಟಿನ್ ಆಗಲೇ ನಿರ್ಧರಿಸಿಬಿಟ್ಟಿರುತ್ತದೆ. ಸಣ್ಣ ಯಜಮಾನನನ್ನು ಓಡಿಸಿ ದೊಡ್ಡ ಯಜಮಾನನ ಮನೆಯಲ್ಲಿ ಊಳಿಗಕ್ಕೆ ನಿಂತವನ ಸ್ವಾತಂತ್ರ್ಯವಿದು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಹಾಗಾದರೆ ಕಾವಲುಳ್ಳ ಸಾಧನವೇ ಮೇಲಲ್ಲವೇ? ಅಪಾಯ ಕಡಮೆ, ಇಂಗ್ಲೆಂಡಿನಂಥ ದೇಶಗಳಲ್ಲಿ ಸಿಗರೇಟನ್ನು ಬಿಡಲು ಬಯಸುವ ವಯಸ್ಕರಿಗೆ ವೈದ್ಯ ವ್ಯವಸ್ಥೆಯೇ ಇದನ್ನು ಒಂದು ಮೆಟ್ಟಿಲಾಗಿ ಸೂಚಿಸುವುದುಂಟಲ್ಲ?

ಸಮಾಧಾನ: ಸಿಡಿಯುವ ಅಪಾಯದ ಮಟ್ಟಿಗೆ ಹೌದು, ಕಾವಲು ಇರುವುದೇ ಮೇಲು. ಸುಡುವ ಸಿಗರೇಟಿನಿಂದ ಕೆಳಗಿಳಿಯಲು ಯಾರಾದರೂ ಇಂಥ ಮೆಟ್ಟಿಲನ್ನು ಬಳಸಿ, ನಿಕೋಟಿನಿನ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ, ಕೊನೆಗೆ ಮೆಟ್ಟಿಲನ್ನೂ ಬಿಟ್ಟರೆ ಅವರನ್ನು ಹೀಗಳೆಯಲಾಗದು. ಆದರೆ ಮೆಟ್ಟಿಲಿನ ಮೇಲೆ ಮನೆ ಕಟ್ಟಿಕೊಂಡವನು ಇಳಿದಂತಾಗಲಿಲ್ಲ. ಎಂದೂ ಸಿಗರೇಟು ಸೇದದ ಹುಡುಗನಿಗೆ ಅದು ಇಳಿಯುವ ಮೆಟ್ಟಿಲೂ ಅಲ್ಲ. ಅವನ ಪಾಲಿಗೆ ಏರುವ ಮೆಟ್ಟಿಲು. ಇದಲ್ಲದೆ, ಅಪಾಯವನ್ನು ತಪ್ಪಿಸುವುದು ಬೇರೆ, ಸಂಯಮವನ್ನು ಸಾಧಿಸುವುದು ಬೇರೆ. ಫಲಕವು ಮೊದಲನೆಯದನ್ನು ಮಾಡಬಲ್ಲುದು, ಎರಡನೆಯದನ್ನು ಮಾಡಲಾರದು.

ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಎರಡು ಸಂಗತಿಗಳನ್ನು ಬಿಡಿಸಿ ಹೇಳಿದ್ದಾರೆ. ದೇಹಕ್ಕೆ ಅನಿಷ್ಟವಾದುದನ್ನೂ, ಸತ್ಪುರುಷರು ಸೇವಿಸತಕ್ಕದ್ದಲ್ಲದುದನ್ನೂ ಬಿಡಲೇಬೇಕೆಂಬುದು ಮೊದಲನೆಯದು. ಬಳಸಲು ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂಬುದು ಎರಡನೆಯದು. ಅಲ್ಲಿ ಅವರು ಬಳಸಿರುವ ‘ಅಭಿಸಂಧಿ’ ಎಂಬ ಪದವು ಮನನಯೋಗ್ಯವಾಗಿದೆ. ಅಭಿಸಂಧಿಯೆಂದರೆ ತಿಳಿದು, ಉದ್ದೇಶಿಸಿ ಮಾಡಿದ ನಿರ್ಧಾರ. ಸಿಗದಿರುವುದರಿಂದ ತಿನ್ನದವನಿಗೆ ಅಭಿಸಂಧಿಯಿಲ್ಲ. ಯಂತ್ರವು ನಿಲ್ಲಿಸಿದ್ದರಿಂದ ನಿಂತವನಿಗೂ ಇಲ್ಲ. ಪೊಲೀಸರ ಭಯದಿಂದ ಕೊಳ್ಳದವನಿಗೂ ಇಲ್ಲ. 2019ರ ಕಾಯಿದೆಯು ಈ ಸಾಧನಕ್ಕೆ ಯಾವ ಹೆಸರಿರಲಿ, ಯಾವ ಆಕಾರವಿರಲಿ, ಎಲ್ಲವನ್ನೂ ಒಂದೇ ಎಂದು ನಿಷೇಧಿಸಿರುವುದು ಒಳ್ಳೆಯದೇ ಆಯಿತು. ಬೇಲಿಯು ಬೆಳೆಗೆ ಬೇಕು. ಆದರೆ ಬೇಲಿಯೇ ಬೆಳೆಯಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಖದಿರಸಾರನ ಕಥೆಯನ್ನು ಸ್ಮರಿಸಬೇಕು. ವಿಂಧ್ಯದ ಆ ಬೇಡನು ಸಮಾಧಿಗುಪ್ತ ಮುನಿಗಳಿಂದ ಪಡೆದದ್ದು ಕಾಗೆಯ ಮಾಂಸವನ್ನು ತಿನ್ನುವುದಿಲ್ಲವೆಂಬ ಒಂದೇ ಒಂದು ನಿಯಮ. ಬೇಡನ ಬಾಳಿಗೆ ಅದೆಷ್ಟು ಸಣ್ಣ ಮಿತಿ! ಆದರೆ ರೋಗ ಬಂದು, ಕಾಗೆಯ ಮಾಂಸವೇ ಔಷಧವೆಂದು ವೈದ್ಯರು ಹೇಳಿ, ಬಂಧುಗಳು ಒತ್ತಾಯಿಸಿದಾಗ ಅವನನ್ನು ತಡೆಯಲು ಕಾಯಿದೆಯಿರಲಿಲ್ಲ, ಕಾವಲುಗಾರನಿರಲಿಲ್ಲ, ಮುನಿಗಳೂ ಎದುರಿಗಿರಲಿಲ್ಲ. ಎಲ್ಲ ಕಡೆಯಿಂದಲೂ ಬಾಗಿಲು ತೆರೆದಿತ್ತು. ಅವನು ಒಳಗೆ ಹೋಗಲಿಲ್ಲ. ಅವನೇ ಮುಂದೆ ಶ್ರೇಣಿಕ ಮಹಾರಾಜನಾಗಿ ಹುಟ್ಟಿದನೆಂದು ಪುರಾಣವು ಹೇಳುತ್ತದೆ. ಹೊರಗೆ ಯಾವ ಕಾವಲೂ ಇಲ್ಲದಿರುವಾಗ ಒಳಗೆ ಇರತಕ್ಕದ್ದು ಯಾವುದೆಂಬುದಕ್ಕೆ ಆ ಬೇಡನು ಸಾಕ್ಷಿ. ತಾಮ್ರದ ಕೊಳವೆಯ ಅಭಿಮಾನಿಗಳು ಹೊರಗಿನ ಕಾವಲನ್ನು ತೆಗೆದರು, ಒಳಗಿರಬೇಕಾದುದನ್ನು ಇಡಲಿಲ್ಲ. ಅವರ ಯುಕ್ತಿಯಲ್ಲಿರುವ ಕೊರತೆ ಇಷ್ಟೇ.

ಸಹೃದಯ ವಾಚಕರು ಇಲ್ಲಿಗೆ ಲೇಖನವು ಮುಗಿಯಿತೆಂದು ತಿಳಿದು, ದೂರದ ದೇಶದ ಚಟಗಾರರ ಬಗ್ಗೆ ಮರುಕಪಟ್ಟು ಪುಟ ತಿರುವಬಾರದು. ಏಕೆಂದರೆ ಇದೇ ಪ್ರಶ್ನೆಯು ನಮ್ಮ ಅಡುಗೆಮನೆಯಲ್ಲಿಯೂ ಇದೆ.

ನಮ್ಮ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆಯೇ ತಾಯಿ ಒಲೆಯನ್ನು ಆರಿಸಿ ಪಾತ್ರೆಗಳನ್ನು ತೊಳೆದಿಟ್ಟಿರುತ್ತಾಳೆ. ಅಷ್ಟಮಿ-ಚತುರ್ದಶಿಗಳಂದು ಹಸಿ ಕಾಯಿಪಲ್ಯೆ ಮನೆಗೆ ಬರುವುದಿಲ್ಲ. ಉಳ್ಳಾಗಡ್ಡೆ, ಬೆಳ್ಳುಳ್ಳಿಗಳು ಹೊಸ್ತಿಲನ್ನು ದಾಟುವುದಿಲ್ಲ. ದಶಲಕ್ಷಣ ಪರ್ವದಲ್ಲಿ ಮನೆಗೆ ಮನೆಯೇ ಏಕಾಶನದಲ್ಲಿರುತ್ತದೆ. ಇದು ನಮ್ಮ ಹೆಮ್ಮೆ, ಹೆಮ್ಮೆಪಡತಕ್ಕದ್ದೇ. ಆದರೆ ಇಲ್ಲಿ ಮಿತಿಯನ್ನು ಕಾಯುತ್ತಿರುವುದು ಯಾರು? ಅನೇಕ ಸಲ ಮನೆಯೇ ಕಾಯುತ್ತಿರುತ್ತದೆ; ಮಗನಲ್ಲ, ಮಗಳಲ್ಲ. ಮನೆಯೇ ಫಲಕದಂತೆ ನಡುವೆ ನಿಂತು, ಬೇಡದ ಹೊತ್ತಿನಲ್ಲಿ ಬೇಡದ ವಸ್ತುವನ್ನು ಕಡಿದುಹಾಕುತ್ತಿರುತ್ತದೆ. ಆ ಹುಡುಗನು ಪುಣೆಯ ವಸತಿಗೃಹಕ್ಕೆ ಹೋದ ತಿಂಗಳೊಪ್ಪತ್ತಿನಲ್ಲಿ ರಾತ್ರಿ ಭೋಜನಕ್ಕೆ ಕುಳಿತನೆಂದರೆ ಅವನು ಕೆಟ್ಟನೆಂದು ತಂದೆ-ತಾಯಿಗಳು ಮರುಗುತ್ತಾರೆ. ಅವನು ಕೆಡಲಿಲ್ಲ, ಅವನ ನಿಯಮವು ಮನೆಯಲ್ಲಿಯೇ ಉಳಿಯಿತು. ಅದು ಅವನೊಳಗೆ ಇದ್ದಿದ್ದರೆ ಪೆಟ್ಟಿಗೆಯೊಡನೆ ಅದೂ ಹೋಗುತ್ತಿತ್ತು.

ಹಾಗೆಂದು ಮನೆಯ ಕಟ್ಟಳೆಯನ್ನು ಸಡಿಲಿಸಬೇಕೆಂದು ನಾನು ಹೇಳುವುದಿಲ್ಲ. ದಪ್ಪ ತಂತಿಯ ಕಥೆಯನ್ನು ಆಗಲೇ ಹೇಳಿದ್ದೇನೆ. ಹೇಳುವುದು ಇಷ್ಟು: ಹೊರಗಿನ ಕಾವಲು ಇನ್ನೂ ಗಟ್ಟಿಯಾಗಿರುವಾಗಲೇ ಒಳಗಿನ ಕಾವಲನ್ನು ಬೆಳೆಸಬೇಕು. ಹತ್ತು-ಹನ್ನೆರಡು ವರ್ಷದ ಮಗುವಿಗೆ ‘ಇಂದು ಮನೆಯಲ್ಲಿ ಇದಿಲ್ಲ’ ಎಂದು ಹೇಳುವುದರ ಜೊತೆಗೆ, ‘ಇರುವುದರಲ್ಲಿ ನೀನಾಗಿ ಯಾವುದನ್ನು ಇಂದು ಬಿಡುತ್ತೀ?’ ಎಂದು ಕೇಳಬೇಕು. ಸಮಂತಭದ್ರ ಸ್ವಾಮಿಗಳು ತ್ಯಾಗವನ್ನು ಕಾಲಮಿತಿಯುಳ್ಳ ನಿಯಮ, ಜೀವಾವಧಿಯ ಯಮ ಎಂದು ಎರಡಾಗಿ ಮಾಡಿರುವುದು ಇದಕ್ಕಾಗಿಯೇ ಅನುಕೂಲವಾಗಿದೆ. ಒಂದು ದಿನ, ಒಂದು ಪಕ್ಷ, ಬೇಕಾದರೆ 48 ನಿಮಿಷಗಳ ಒಂದು ಮುಹೂರ್ತದಷ್ಟೇ ಇರಲಿ. ತಟ್ಟೆಯಲ್ಲಿ ಇರುವ ಬೆಲ್ಲದ ಚೂರನ್ನು ತಾನೇ ಸರಿಸಿದ ಮಗುವಿಗೆ ಅಭಿಸಂಧಿಯ ರುಚಿ ಹತ್ತುತ್ತದೆ. ಆ ರುಚಿ ಹತ್ತಿದವನು ಎಲ್ಲಿಗೆ ಹೋದರೂ ಅದು ಅವನ ಜೊತೆಗಿರುತ್ತದೆ.

ಈಗಾಗಲೇ ಆವಿಯ ಕೊಳವೆಗೆ ಕೈಹಾಕಿರುವ ಮಗನಿದ್ದರೆ ಏನು ಮಾಡಬೇಕು? ಗದರಿಸಿ ಕಸಿದುಕೊಂಡರೆ ನಾವೂ ಒಂದು ಫಲಕವಾಗುತ್ತೇವೆ. ನಮ್ಮ ಕಣ್ಣು ತಪ್ಪಿದಾಗ ಅವನು ಮತ್ತೆ ಹಿಡಿಯುತ್ತಾನೆ. ಅದರ ಬದಲು ಅವನ ಮಾತನ್ನೇ ಎತ್ತಿಕೊಳ್ಳಬೇಕು. ‘ತಮ್ಮಾ, ನಿನ್ನ ಮಿತಿಯನ್ನು ಇನ್ನೊಬ್ಬರು ನಿರ್ಧರಿಸಬಾರದು ಅಂತ ನೀನು ಹೇಳುವುದು ನನಗೂ ಒಪ್ಪಿಗೆ. ಹಾಗಾದರೆ ಬರುವ ಚತುರ್ದಶಿಯಂದು ಒಂದು ದಿನ ಅದನ್ನು ಮುಟ್ಟದೆ ಇದ್ದು ನೋಡು. ನಿರ್ಧರಿಸುವವನು ನೀನೋ ಅದೋ ಎಂಬುದು ನಿನಗೇ ತಿಳಿಯುತ್ತದೆ’ ಎನ್ನಬೇಕು. ಅವನಲ್ಲಿರುವ ಸ್ವಾಭಿಮಾನವು ವ್ರತಕ್ಕೆ ಶತ್ರುವಲ್ಲ. ವ್ರತವು ಮೊಳೆಯುವುದು ಅದೇ ನೆಲದಲ್ಲಿ. ಒಂದು ದಿನ ಸಾಧ್ಯವಾದರೆ ಎರಡಾಗಲಿ. ಸಾಧ್ಯವಾಗದಿದ್ದರೆ ಅದನ್ನು ಅವಮಾನವೆಂದು ತಿಳಿಯದೆ ವೈದ್ಯರ ನೆರವು ಪಡೆಯಬೇಕು. ನಿಕೋಟಿನನ್ನು ಬಿಟ್ಟಾಗಿನ ಚಡಪಡಿಕೆಯು ಮೊದಲ ಕೆಲವು ದಿನಗಳಲ್ಲಿ ತೀವ್ರವಾಗಿದ್ದು ವಾರಗಳು ಕಳೆದಂತೆ ತಗ್ಗುತ್ತದೆ. ತಂಬಾಕು ಬಿಡುವವರಿಗಾಗಿ ಕೇಂದ್ರ ಸರ್ಕಾರವು 2016ರಲ್ಲಿ ಆರಂಭಿಸಿದ 1800-11-2356 ಎಂಬ ಉಚಿತ ದೂರವಾಣಿಯೂ ಇದೆ.

ಆದರೆ ಈ ಮಾತನ್ನಾಡುವ ಹಿರಿಯನ ಸೊಂಟದಲ್ಲಿ ತಂಬಾಕಿನ ಚಂಚಿ ಇರಬಾರದು. ತನ್ನ ಅಂಗೈಯ ಅಳತೆಯನ್ನು ಹೊಗಳಿಕೊಳ್ಳುತ್ತ ಮೊಮ್ಮಗನ ಕೊಳವೆಯನ್ನು ಹಳಿಯುವ ಅಜ್ಜನ ಮಾತು ಯಾರ ಕಿವಿಗೂ ಇಳಿಯುವುದಿಲ್ಲ. ಇಬ್ಬರ ವಾದವೂ ಒಂದೇ, ಇಬ್ಬರ ಬಂಧನವೂ ಒಂದೇ. ಬಿಡುವುದಾದರೆ ಇಬ್ಬರೂ ಕೂಡಿಯೇ ಒಂದು ಪರ್ವದಿನದಂದು, ಬಸದಿಯಲ್ಲಿ ಜಿನಬಿಂಬದ ಸಾಕ್ಷಿಯಾಗಿ ನಿಯಮವನ್ನು ತೆಗೆದುಕೊಳ್ಳಲಿ. ಹಿರಿಯನ ನಿಯಮವು ಕಿರಿಯನಿಗೆ ಬಲವಾಗುತ್ತದೆ. ಕಿರಿಯನ ಎದುರಿಗೆ ಮಾತು ಕೊಟ್ಟ ಹಿರಿಯನೂ ಸುಲಭವಾಗಿ ಜಾರಲಾರನು.

ಯಂತ್ರಕ್ಕೆ ಮಿತಿಯನ್ನು ಇಡಬಹುದು, ಕಾಯಿದೆಯು ಮಿತಿಯನ್ನು ವಿಧಿಸಬಹುದು, ಮನೆಯು ಮಿತಿಯನ್ನು ಕಲಿಸಬಹುದು. ಮೂರೂ ಬೇಕು; ಮೂರಕ್ಕೂ ಕೃತಜ್ಞರಾಗಿರಬೇಕು. ಆದರೆ ಈ ಮೂರೂ ಇಲ್ಲದ ಊರಿನಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಬೇಕೆನಿಸಿದ ವಸ್ತು ಕೈಯಳತೆಯಲ್ಲಿಯೇ ಇರುವಾಗ ಯಾವುದು ಉಳಿಯುತ್ತದೆಯೋ ಅಷ್ಟೇ ನಮ್ಮ ವ್ರತ.